ಮೂರು ಸಾವಿರ ಮೀನು

ಮೇಲಿನ ಹಳ್ಳಿ, ಸ್ಕೀನಾ ಕಣಿವೆ
ಸೆಪ್ಟೆಂಬರ್ 19, ಗುರುವಾರ

ನನ್ನ ಲೆನೋರಾ, ನನ್ನ ಹೊಟ್ಟೆಯ ಕೂಸೇ,

ಅಮ್ಮನ ಮುತ್ತು. ನಿನ್ನ ದಪ್ಪ ಕವರು ಸೋಮವಾರವೇ ಟಪಾಲು ವ್ಯಾನಿನಲ್ಲಿ ಬಂತು. ಅದರಲ್ಲಿದ್ದ ಪ್ರಮಾಣಪತ್ರ ಮೂರು ದಿನದಿಂದ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿದೆ. ಸಹಿ ಹಾಕುವ ಜಾಗದಲ್ಲಿ ಹಳದಿ ಚೀಟಿ ಅಂಟಿಸಿದ್ದೀಯಲ್ಲ, ಅಮ್ಮನಿಗೆ ಕಣ್ಣು ಕಾಣುವುದಿಲ್ಲ ಎಂದುಕೊಂಡೆಯಾ? ನದಿ ತಳದ ಬಿಳಿ ಹಲಗೆಯ ಮೇಲೆ ಹಾಯುವ ಮೀನು ಗಂಡೋ ಹೆಣ್ಣೋ ಎಂದು ನಿಂತಲ್ಲೇ ಹೇಳುವ ಕಣ್ಣು ಇದು. ಓದಿದೆ. ಆಗಸ್ಟ್ ಹತ್ತರವರೆಗೆ ನದಿಗೆ ಅಡ್ಡ ಹಾಕಿದ ನಮ್ಮ ಬೇಲಿಯ ಕಂಡಿಯಿಂದ ಹನ್ನೆರಡು ಸಾವಿರದ ಮುನ್ನೂರು ಕೆಂಪು ಸಾಮನ್ ಮೀನು ದಾಟಿದವು, ಅರ್ಡಿತ್ ಎಂಬ ನಾನೇ ಅವನ್ನು ಎಣಿಸಿದೆ, ಇದು ಸತ್ಯ ಎಂದು ಬರೆದಿದೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಇಬ್ಬರೂ ಹವಾಮಾನದ ಮಾತಾಡಿ ಇಟ್ಟುಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಎದ್ದು ಹೋಗಬೇಡ, ಕೊನೆಯವರೆಗೂ ಓದು.

ಅಕ್ಟೋಬರ್ ಎಂಟರ ವಿಚಾರಣೆ ಎಂಥದ್ದೆಂದು ನನಗೆ ಗೊತ್ತು. ನಿಮ್ಮ ಐದು ಊರಿನ ಮೀನು ಕಚೇರಿಯ ಎಣಿಕೆಯನ್ನೇ ಇಡೀ ನದಿಗೆ ಒಪ್ಪಬೇಕೋ, ಇಲ್ಲ ಮೊದಲಿನ ಹಾಗೆ ಹೆಲಿಕಾಪ್ಟರಿನಿಂದ ಒಂದು ಸಲ ಇಣುಕಿ ಅಂದಾಜು ಹೇಳಿಬಿಡಬೇಕೋ, ಅವತ್ತು ತೀರ್ಮಾನ. ಸರ್ಕಾರದ ಹಂಗೂ ಬೇಡ, ಬಲೆ ಕಂಪನಿಯ ಹಂಗೂ ಬೇಡ ಎಂದು ನೀವು ನಾಲ್ಕು ಜನ ಹಳೆಯ ಕ್ಷೌರದಂಗಡಿಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಾಗ ಊರೆಲ್ಲ ನಕ್ಕಿತ್ತು. ಹುರುಪೆ ನೋಡಿ ಮೀನಿನ ವಯಸ್ಸು ಹೇಳ್ತಾಳಂತೆ, ಇನ್ನು ಮದುವೆಗೆ ಜಾತಕಾನೂ ನೋಡ್ತಾಳೆ ಎಂದು ನಿನ್ನ ಎಲ್ಮರ್ ಮಾವನೇ ಆಡಿಕೊಂಡಿದ್ದ. ಈಗ ಅದೇ ಮಾವ ಹೋದಲ್ಲೆಲ್ಲ ನಮ್ಮ ಹುಡುಗಿ, ನಮ್ಮ ಹುಡುಗಿ ಎನ್ನುತ್ತಾನೆ.

ನೀನು ಬರೆದ ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿದೆ. ಬೇಲಿ ದಾಟಿದ್ದರಿಂದ ಬಲೆಗೆ ಬಿದ್ದದ್ದನ್ನು ಕಳೆದರೆ ಸರೋವರಕ್ಕೆ ಇಷ್ಟು ಮೀನು ಮೊಟ್ಟೆಯಿಡಲು ಬಂದಿರಬೇಕು. ದಂಡೆಯನ್ನೆಲ್ಲ ಎರಡು ಸಲ ನಡೆದು ಎಣಿಸಿದರೂ ಮೂರು ಸಾವಿರ ಕಡಿಮೆ. ಕರಡಿ ತಿಂದವೋ, ನೀರು ಬಿಸಿಯಾಗಿ ಸತ್ತವೋ, ಇಲ್ಲ ನನ್ನ ಲೆಕ್ಕದ ರೀತಿಯೇ ತಪ್ಪೋ ಅಮ್ಮ ಎಂದು ಕೇಳಿದ್ದೀಯ. ವಿಚಾರಣೆಯಲ್ಲಿ ಎದ್ದು ನಿಂತು ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ ಎಂದೂ ಬರೆದಿದ್ದೀಯ. ಹತ್ತು ವರ್ಷದ ದುಡಿಮೆಯನ್ನು ಒಂದು ಸಾಲಿನಲ್ಲಿ ಒದ್ದು ಹಾಕಲು ಹೊರಟಿದ್ದೀಯ, ಹುಚ್ಚುಡುಗಿ.

ಅದಕ್ಕೆ ಉತ್ತರ ಕೊಡುತ್ತೇನೆ. ಮೊದಲು ನಿಮ್ಮಪ್ಪನ ವಿಷಯ.

ಅವನ ಬಗ್ಗೆ ನೀನು ಬರೆದದ್ದು ಒಂದೇ ವಾಕ್ಯ: ಆ ಮನುಷ್ಯನಿಗೆ ತಕ್ಕದ್ದೇ ಆಯಿತು. ನಾನು ಅದನ್ನು ನಾಲ್ಕು ಸಲ ಓದಿದೆ. ನಿನಗೆ ಹಾಗನ್ನುವ ಹಕ್ಕಿದೆ. ಒಲೆ ಕೆದಕುವ ಸಲಾಕೆಯಿಂದ ನಿಮ್ಮಪ್ಪ ಡೆಲ್ಬರ್ಟ್ ನನ್ನ ಬಾಯಿಗೆ ಬಾರಿಸಿದಾಗ ನಿನಗೆ ಹದಿನಾಲ್ಕು. ನನ್ನ ಎರಡು ಹಲ್ಲು ಅಕ್ಕಿಪಾತ್ರೆಯೊಳಗೆ ಬಿದ್ದವು. ನೀನು ಹಿಮದಲ್ಲಿ ಬರಿಗಾಲಲ್ಲೇ ಮಾವನ ಮನೆಗೆ ಓಡಿದೆ. ಎಲ್ಮರ್ ಬಂದು ಅವನನ್ನು ಕೂದಲು ಹಿಡಿದೆಳೆದು ಮೆಟ್ಟಿಲಿನ ಮೇಲಿಂದ ಎಸೆದ. ಅವತ್ತು ಹೋದವನು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಕೆಳಗೆ ಕಮರಿಯ ಬಂಡೆಯ ಹತ್ತಿರ ಗುಡಿಸಲು ಹಾಕಿಕೊಂಡ. ಕುಡಿಯುವುದು ಬಿಟ್ಟು ಹನ್ನೊಂದು ವರ್ಷವಾಯಿತು. ಬಿಟ್ಟರೇನು, ಹಲ್ಲು ಮತ್ತೆ ಹುಟ್ಟುತ್ತದೆಯೇ? ನಾನೂ ಅವನನ್ನು ಕ್ಷಮಿಸಿರಲಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಹೇಳುವುದಕ್ಕೆಲ್ಲ ಇದೇ ಬೇರು.

ನಿನ್ನ ಅಜ್ಜಿಯ ಗೋರಿಗೆ ಕಲ್ಲು ನಿಲ್ಲಿಸುವ ಔತಣ ಆಗಸ್ಟ್ ಇಪ್ಪತ್ನಾಲ್ಕಕ್ಕೆ ಗೊತ್ತಾಗಿತ್ತಲ್ಲ. ಕಲ್ಲು ಬಂದಿತ್ತು. ಐದೂರಿಗೂ ಆಳು ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತು ಕರೆದು ಬಂದಾಗಿತ್ತು. ನಾನೂರು ಎಲೆ. ನಮ್ಮ ಹೊಗೆಮನೆಯಲ್ಲಿ ಏನಿತ್ತು? ಹೋದ ವರ್ಷದ ಎರಡು ಕಟ್ಟು ಒಣಮೀನು, ಇಲಿ ಮೂಸಿದ್ದು. ಹೆತ್ತ ತಾಯಿಯ ಕಲ್ಲಿನ ಔತಣಕ್ಕೆ ಅಂಗಡಿಯ ಮೀನು ಬಡಿಸಿದ ಮನೆತನದ ಹೆಸರು ಹೇಳು ನೋಡೋಣ. ಒಂದೇ ಒಂದು ಇದೆ, ಪಕ್ಕದೂರಿನ ತಿಮಿಂಗಿಲ ಬಳಿಯ ಕುಲದವರದ್ದು. ಮೂವತ್ತು ವರ್ಷವಾದರೂ ಅವರನ್ನು 'ಡಬ್ಬಿ ಮೀನಿನವರು' ಎಂದೇ ಕರೆಯುತ್ತಾರೆ, ಮಕ್ಕಳು ಕೂಡ.

ಆಗಸ್ಟ್ ಹತ್ತಕ್ಕೆ ಹನ್ನೆರಡು ಸಾವಿರ ದಾಟಿದರೆ ಬಲೆ ಇಳಿಸಬಹುದು, ದಾಟದಿದ್ದರೆ ಯಾರೂ ಇಳಿಸುವಂತಿಲ್ಲ. ನಾವೂ ಇಲ್ಲ, ಕೆಳಗಿನವರೂ ಇಲ್ಲ, ಗಾಳ ಹಾಕಿಸುವ ಲಾಡ್ಜಿನವರೂ ಇಲ್ಲ. ನಿನ್ನ ಕಚೇರಿ ಹಾಕಿದ ಗೆರೆ, ಐದೂರೂ ದೊಡ್ಡಮನೆಯಲ್ಲಿ ಕೂತು ಒಪ್ಪಿದ ಗೆರೆ. ಹತ್ತನೇ ತಾರೀಖು ಮಧ್ಯಾಹ್ನ ದೊಡ್ಡಮನೆ ತುಂಬಿತ್ತು. ಎಲ್ಮರ್ ಎದ್ದು ನಿಂತು ಹೇಳಿದ, "ನಮ್ಮಕ್ಕ ಎಣಿಸಿದಾಳೆ. ಹನ್ನೆರಡು ಸಾವಿರ ದಾಟಿದೆ. ನಮ್ಮ ಕಪ್ಪೆ ಬಳಿಯವರ ಮಾತು ಇದು." ಜನ ಹೂಂಗುಟ್ಟಿದರು. ಸಾಕ್ಷಿ ಕೂತವರಿಗೆ ಉಡುಗೊರೆ ಕೊಟ್ಟಾಯಿತು. ಮಾರನೆಯ ದಿನವೇ ಬಲೆ ಇಳಿಯಿತು.

ಹದಿನಾಲ್ಕರ ಬುಧವಾರ, ಬೆಳಿಗ್ಗೆ ಹತ್ತರ ಹೊತ್ತು. ದಂಡೆಯ ಮೇಲೆ ನಾವು ಹನ್ನೆರಡು ಹೆಂಗಸರು ಮೀನು ಸೀಳುತ್ತಿದ್ದೆವು. ನಿಮ್ಮಪ್ಪ ಕಮರಿಯಿಂದ ದೋಣಿ ನಡೆಸಿಕೊಂಡು ಬಂದ. ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಮೊದಲ ಬಲೆಯ ಹಗ್ಗ ಹಿಡಿದು ಚಾಕು ಹಾಕಿದ. ಬಲೆ ಮೀನಿನ ಸಮೇತ ನೀರಿನಲ್ಲಿ ತೇಲಿ ಹೋಯಿತು. ಎರಡನೆಯದನ್ನೂ ಕತ್ತರಿಸಿದ. ಆಮೇಲೆ ಬೇಲಿಯ ಹಲಗೆ ಹತ್ತಿ ಕೂಗಿದ, "ಒಂಬತ್ತು ಸಾವಿರ ಕಣ್ರೋ! ಹನ್ನೆರಡಲ್ಲ, ಒಂಬತ್ತು! ನಾನು ಬಂಡೆ ಮೇಲೆ ಕೂತು ಎಣಿಸಿದೀನಿ! ಏ ಅರ್ಡಿತ್, ಹೇಳೇ ಇವರಿಗೆ!"

ಎಲ್ಮರ್ ಮೀನಿನ ತಲೆಗೆ ಬಡಿಯುವ ದೊಣ್ಣೆ ಹಿಡಿದುಕೊಂಡೇ ಹಲಗೆಯ ಮೇಲೆ ಓಡಿದ. "ನಮ್ಮಕ್ಕನ್ನ ಸುಳ್ಳಿ ಅಂತೀಯೇನೋ? ಹಲ್ಲು ಮುರಿದಿದ್ದು ಸಾಲ್ಲಿಲ್ವೇನೋ ನಾಯಿ?" ಎಂದ. ಮೊದಲ ಏಟು ಭುಜಕ್ಕೆ. ನಿಮ್ಮಪ್ಪ ಕೈಯಲ್ಲಿದ್ದ ಚಾಕನ್ನು ನೀರಿಗೆ ಎಸೆದ. ಅದನ್ನು ನಾನು ಕಣ್ಣಾರೆ ಕಂಡೆ, ಬೇರೆ ಯಾರೂ ಒಪ್ಪುವುದಿಲ್ಲ. ಎರಡನೆಯ ಏಟು ದವಡೆಗೆ. ಒಣಕಟ್ಟಿಗೆ ಮುರಿದ ಸದ್ದು. ಅಲ್ಲಿಂದ ಎಲ್ಮರನ ಮಗ ಕರ್ಟಿಸ್, ಇನ್ನಿಬ್ಬರು ಸೇರಿ ಕಾಲು ಹಿಡಿದು ದಂಡೆಗೆ ಎಳೆದು ತಂದರು. ನಾವು ಸೀಳಿ ಎಸೆದಿದ್ದ ಮೀನಿನ ಕರುಳಿನ ಮೇಲೆ ಹಾಕಿ ಒದ್ದರು. ಪಕ್ಕೆಗೆ, ಬೆನ್ನಿಗೆ, ಮುಖಕ್ಕೆ. ಬೂಟಿನ ಮೊಳೆ ಎಡಗಣ್ಣಿಗೆ ತಾಗಿತು. ನಮ್ಮ ಹೆಂಗಸರೇನು ಕಡಿಮೆಯೇ? ಚಾಕು ಹಿಡಿದುಕೊಂಡೇ ಎದ್ದು ನಿಂತು ಕೂಗಿದರು. "ಹಾಕ್ರೋ ಇನ್ನೊಂದು! ಇದು ಅರ್ಡಿತ್ ಹಲ್ಲಿಗೆ! ಇನ್ನೊಂದು ಹಲ್ಲಿಂದೂ ಕೊಡ್ರೋ!" ಯಾರೋ ಕೊಡಲಿ ತಂದು ಅವನ ದೋಣಿಯ ತಳ ಸೀಳಿದರು.

ಅವನಿಗೆ ಮಾತು ಬರುತ್ತಿರಲಿಲ್ಲ. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು, ರಕ್ತ ಗೊಳಗೊಳ ಎನ್ನುತ್ತಿತ್ತು. ಬಿದ್ದಲ್ಲಿಂದಲೇ ನನ್ನ ಕಡೆ ಕತ್ತು ತಿರುಗಿಸಿ ಎರಡೂ ಕೈ ಎತ್ತಿದ. ಒಂದು ಬೆರಳು ಮಡಚಿದ್ದ. ಒಂಬತ್ತು ಬೆರಳು. ಕರ್ಟಿಸ್ ಎಡಗೈಯನ್ನು ಬೂಟುಗಾಲಿನಿಂದ ಕಲ್ಲಿಗೆ ಅರೆದ. ಆಗಲೂ ಬಲಗೈ ಇಳಿಸಲಿಲ್ಲ ಆ ಮೊಂಡ.

ನಾನು ಏನು ಮಾಡಿದೆ? ಅದನ್ನು ನಿನಗೆ ಯಾರೂ ಹೇಳಿಲ್ಲ. ನಾನು ನಿಂತು ನೋಡಿದೆ. ಒಂದು ಮಾತು ಆಡಲಿಲ್ಲ.

ದವಾಖಾನೆಗೆ ಪೊಲೀಸರು ಬಂದು ಯಾರು ಹೊಡೆದರು ಎಂದು ಕೇಳಿದರಂತೆ. ಬಾಯಿಗೆ ತಂತಿ ಕಟ್ಟಿದ್ದರಲ್ಲ, ಕಾಗದದ ಮೇಲೆ ಬರೆದುಕೊಟ್ಟನಂತೆ, ಬೇಲಿಯಿಂದ ಕಾಲು ಜಾರಿ ಬಿದ್ದೆ ಎಂದು. ಪೊಲೀಸಿನವನು ಮೂರು ಸಲ ಬಿದ್ದೆಯಾ ಎಂದು ಕೇಳಿದ್ದಕ್ಕೆ, ಹೌದು, ತುಂಬಾ ಜಾರಿಕೆ ಎಂದು ಬರೆದನಂತೆ. ಎಡಗಣ್ಣು ಹೋಯಿತು ಮಗಳೇ. ಅದು ನಿನಗೆ ಗೊತ್ತಿರಲಿಕ್ಕಿಲ್ಲ.

ಅವನು ಸುಮ್ಮನಿದ್ದರೂ ಅವನ ತೋಳದ ಬಳಿಯವರು ಸುಮ್ಮನಿರುತ್ತಾರೆಯೇ? ಔತಣ ಮುಗಿದು ಐದನೇ ದಿನ ಅವನ ಸೋದರಳಿಯಂದಿರು ಮೋಟರ್ ಗರಗಸ ತಂದು ನಮ್ಮ ಬೇಲಿಯನ್ನು ಹಾಡುಹಗಲೇ ಕೊಯ್ದು ಹಾಕಿದರು. ತಡೆಯಲು ಹೋದ ನನ್ನ ಚಿಕ್ಕಮ್ಮನ ಮಗನ ತೊಡೆಗೆ ಚರೆ ಗುಂಡು. ಎಲ್ಮರನ ಲಾರಿಗೆ ಬೆಂಕಿ. ಈ ಭಾನುವಾರ ಕರ್ಟಿಸ್ ಅವರ ಕಡೆಯ ಒಬ್ಬನಿಗೆ ಚರ್ಚಿನ ಮೆಟ್ಟಿಲ ಮೇಲೆ ಚಾಕು ತೋರಿಸಿದ. ಎಲ್ಮರ್ ಈಗ ಊಟಕ್ಕೆ ಕೂತರೂ ಕೋವಿ ಮಡಿಲಲ್ಲಿ. ರಕ್ತ ಬಿದ್ದರೆ ಬೀಳಿಸಿದವರು ತೊಳೆಯುವ ಔತಣ ಕೊಡಬೇಕು, ಎಲ್ಲರ ಮುಂದೆ ನಡೆದದ್ದನ್ನು ನಡೆದಂತೆ ಹೇಳಬೇಕು. ಹಿರಿಯರು ಬಂದು ಕೇಳಿದರು. ಎಲ್ಮರ್ ಅಂದ, "ನಾನ್ಯಾಕೆ ತೊಳೀಲಿ? ಅಕ್ಕನ ಎಣಿಕೆ ಸುಳ್ಳು ಅಂದ ಅವನು. ಬಾಯಿ ತೊಳ್ಕೊಳ್ಳೋದು ಅವನು." ಹೀಗೇ ಬಿಟ್ಟರೆ ಹಿಮ ಬೀಳುವ ಮೊದಲು ಒಂದು ಹೆಣ ಬೀಳುತ್ತದೆ. ಯಾರ ಮನೆಯದೋ ಗೊತ್ತಿಲ್ಲ.

ಇಲ್ಲಿಗೆ ಪೆನ್ನು ಇಟ್ಟು ಎದ್ದು ಚಹಾ ಮಾಡಿಕೊಂಡೆ. ಕುಡಿಯಲಾಗಲಿಲ್ಲ.

ಲೆನೋರಾ, ಆ ಮೂರು ಸಾವಿರ ಮೀನನ್ನು ಹುಡುಕಬೇಡ. ಕರಡಿ ತಿನ್ನಲಿಲ್ಲ. ಬಿಸಿ ನೀರಿಗೆ ಸಾಯಲಿಲ್ಲ. ಅವು ಎಲ್ಲಿಗೂ ಹೋಗಲಿಲ್ಲ. ಅವು ಬಂದೇ ಇರಲಿಲ್ಲ.

ಹತ್ತನೇ ತಾರೀಖು ಬೆಳಿಗ್ಗೆ ಕಂಡಿ ಮುಚ್ಚಿದಾಗ ನನ್ನ ಪುಸ್ತಕದಲ್ಲಿದ್ದದ್ದು ಒಂಬತ್ತು ಸಾವಿರದ ನೂರ ನಲವತ್ತು. ಎಲ್ಮರ್ ಹಲಗೆಯ ತುದಿಯಲ್ಲಿ ನಿಂತು ಕೇಳಿದ, "ಆಯ್ತಾ ಅಕ್ಕ? ದಾಟ್ತಾ?" ಅವನ ಕಣ್ಣಲ್ಲಿ ಅಮ್ಮನ ಕಲ್ಲಿತ್ತು, ನಾನೂರು ಜನರಿದ್ದರು. ನಾನು, "ಆಗುತ್ತೆ ಬಿಡೋ," ಎಂದೆ. ಅಷ್ಟೇ ಅಂದದ್ದು. ಮಧ್ಯಾಹ್ನ ದೊಡ್ಡಮನೆಯಲ್ಲಿ ಅವನು ಹನ್ನೆರಡು ಸಾವಿರ ಎಂದು ನನ್ನ ಕಡೆ ನೋಡಿದ. ನಮ್ಮಲ್ಲಿ ಯಜಮಾನ ಬಾಯಿ, ಅಕ್ಕ ಕತ್ತು. ಕತ್ತು ಆಡದೆ ಬಾಯಿ ಆಡಿದ್ದು ಮಾತೇ ಅಲ್ಲ, ನಿನಗೆ ಗೊತ್ತು. ಒಂದು ಕ್ಷಣ ಇಡೀ ಮನೆ ನನ್ನ ಕತ್ತನ್ನು ಕಾಯಿತು. ನಾನು ಕತ್ತು ಆಡಿಸಿದೆ.

ಎಲ್ಮರನಿಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವನು ನಿಜವೆಂದೇ ತಿಳಿದು ಹೊಡೆದ.

ಮನೆಗೆ ಬಂದು ಬಾಗಿಲು ಹಾಕಿ ಎಂಟು ದಿನದ ಹಾಳೆಗಳನ್ನು ಹೊಸದಾಗಿ ಬರೆದೆ. ಒಂದೇ ಸೀಸದಕಡ್ಡಿಯಲ್ಲಿ ಬರೆದರೆ ಗೊತ್ತಾಗುತ್ತದೆಂದು ಎರಡು ಬಳಸಿದೆ. ಒಂದು ಹಾಳೆಗೆ ಮೀನಿನ ಲೋಳೆ ಸವರಿದೆ, ನದಿಯ ಹತ್ತಿರ ಬರೆದಂತೆ ಕಾಣಲಿ ಎಂದು. ನಿನಗೆ ಕಳಿಸಿದ ನಕಲು ಅದೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ನಾನೇ ಎಷ್ಟು ಸಲ ಕಂಪನಿಯವರನ್ನು ಬೈದಿದ್ದೇನೆ.

ಇನ್ನೂ ಇದೆ. ಹನ್ನೆರಡನೇ ತಾರೀಖು ನಿಮ್ಮಪ್ಪ ಒಂದು ಚೀಟಿ ಕಳಿಸಿದ್ದ. ಅರ್ಡಿತ್, ನನ್ನ ಕಡೆ ಒಂಬತ್ತು ಸಾವಿರವೇ ಆಗಿದೆ, ನಿನ್ನ ಕಡೆ ಹನ್ನೆರಡು ಹೇಗೆ? ಎಲ್ಲೋ ಕೂಡಿಸುವಾಗ ತಪ್ಪಿರಬೇಕು, ನೀನೇ ಹೇಳಿ ಬಲೆ ಎತ್ತಿಸು, ನಾನು ಯಾರಿಗೂ ಹೇಳಲ್ಲ ಎಂದು ಬರೆದಿದ್ದ. ಕೂಡಿಸುವಾಗ ತಪ್ಪಿರಬೇಕಂತೆ! ನನಗೆ ತಪ್ಪಿಸಿಕೊಳ್ಳಲು ದಾರಿಯನ್ನೂ ಅವನೇ ಮಾಡಿಕೊಟ್ಟಿದ್ದ. ಚೀಟಿಯನ್ನು ಒಲೆಗೆ ಹಾಕಿದೆ. ಎರಡು ದಿನ ಕಾದು ನೋಡಿ ಅವನೇ ಬಂದ.

ದಂಡೆಯ ಮೇಲೆ ಅವನನ್ನು ಒದೆಯುವಾಗ ನಾನು ಹೆದರಿ ಸುಮ್ಮನಿದ್ದೆ ಎಂದು ಬರೆದರೆ ನೀನು ನಂಬುತ್ತೀಯ. ಹೆದರಿಕೆಯೂ ಇತ್ತು. ಆದರೆ ಇದು ಅರ್ಡಿತ್ ಹಲ್ಲಿಗೆ ಎಂದು ಅವರು ಕೂಗಿದಾಗ ನನಗೆ ಖುಷಿಯಾಯಿತು. ಹದಿನೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಬೆಂಕಿಗೆ ತುಪ್ಪ ಬಿದ್ದಂತಾಯಿತು. ಅವನು ಸುಳ್ಳು ಹೇಳಿ ಏಟು ತಿಂದಿದ್ದರೆ ಆ ಖುಷಿ ನನ್ನದಾಗಿ ಉಳಿಯುತ್ತಿತ್ತು. ಅವನು ನಿಜ ಹೇಳಿ ತಿಂದ. ನನ್ನ ಸುಳ್ಳಿಗೆ ಬೀಳಬೇಕಾದ ಏಟನ್ನು ಹಳೆಯ ಹಲ್ಲಿನ ಹೆಸರಲ್ಲಿ ಅವನ ಮೈಮೇಲೆ ಹಾಕಿಸಿದೆ. ನಿನಗೂ ಅದೇ ಹೇಳುತ್ತೇನೆ, ಹಲ್ಲಿಗೆ ಅವನು ಋಣಿ; ಕಣ್ಣಿಗೆ ಅಲ್ಲ. ತಕ್ಕದ್ದೇ ಆಯಿತು ಎನ್ನಬೇಡ.

ಔತಣ ಚೆನ್ನಾಗಿ ಆಯಿತು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಕಪ್ಪೆ ಬಳಿಯ ಮೀನು ಅಂದರೆ ಮೀನು ಎಂದು ಡಬ್ಬಿ ಮೀನಿನ ಮುದುಕಿಯೇ ಹೊಗಳಿದಳು. ನನ್ನ ಬಾಯಿಗೆ ಮಾತ್ರ ಅದು ಬೂದಿಯಾಗಿತ್ತು. ಮೊಟ್ಟೆ ತುಂಬಿದ ಹೆಣ್ಣು ಮೀನನ್ನೇ ಸೀಳಿದ್ದೆನಲ್ಲ, ಒಂದೊಂದರ ಹೊಟ್ಟೆಯಲ್ಲೂ ಮೂರು ಮೂರು ಸಾವಿರ ಮೊಟ್ಟೆ ಎಂದು ನೀನೇ ಹೇಳಿಕೊಟ್ಟಿದ್ದು. ಆ ಮೊಟ್ಟೆಯಿಂದ ಹುಟ್ಟಿ ನಾಲ್ಕು ವರ್ಷದ ಮೇಲೆ ನದಿಗೆ ಮರಳಬೇಕಾದ ಮೀನು ಬರುವುದಿಲ್ಲ. ನಾನು ಸತ್ತ ಮೇಲೆ ನನ್ನ ಕಲ್ಲಿಗೆ ನೀನು ಏನು ಬಡಿಸುತ್ತೀಯೋ ದೇವರೇ ಬಲ್ಲ.

ಈಗ ಕೆಲಸದ ಮಾತು. ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಹಳದಿ ಚೀಟಿಯ ಸಮೇತ ವಾಪಸು ಕಳಿಸುತ್ತಿದ್ದೇನೆ. ಜೊತೆಗೆ ನನ್ನ ನಿಜವಾದ ಪುಸ್ತಕ, ನೆನೆದು ಉಬ್ಬಿದ್ದು, ಒಲೆಗೆ ಹಾಕಲು ಎರಡು ಸಲ ಎತ್ತಿ ಮನಸ್ಸಾಗದೆ ಇಟ್ಟದ್ದು. ವಿಚಾರಣೆಯಲ್ಲಿ ಇದನ್ನೇ ಮೇಜಿನ ಮೇಲಿಡು. ಇವರ ಎಣಿಕೆಯೇ ಸುಳ್ಳು ಎಂದು ಕಂಪನಿಯ ವಕೀಲ ಕುಣಿಯುತ್ತಾನೆ, ಕುಣಿಯಲಿ. ಆಗ ನೀನು ಹೇಳು: ಸುಳ್ಳು ಎಣಿಸಿದ್ದು ನನ್ನ ತಾಯಿ, ಆ ಸುಳ್ಳನ್ನು ಹಿಡಿದದ್ದು ನಮ್ಮ ಕಚೇರಿ. ಸರೋವರದ ದಂಡೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದು ಮೂರು ಸಾವಿರ ಕಡಿಮೆ ಎಂದು ಕಂಡುಹಿಡಿದವಳು ನೀನೇ ತಾನೇ? ಹೆಲಿಕಾಪ್ಟರಿನಿಂದ ಯಾರಾದರೂ ಕಂಡರಾ? ಹೆತ್ತವಳ ಸುಳ್ಳನ್ನೂ ಬಿಡದ ಲೆಕ್ಕ ನಿನ್ನದು. ತಪ್ಪು ನಿನ್ನ ಲೆಕ್ಕದ್ದಲ್ಲ ಕೂಸೇ. ನಿನ್ನ ಅಮ್ಮನದ್ದು.

ನಾಳೆ ವ್ಯಾನಿಗೆ ಇದನ್ನು ಹಾಕಬೇಕು ಎಂದುಕೊಂಡಿದ್ದೇನೆ. ಬೈದು ಒಂದು ಕಾಗದ ಬರೆ, ಸುಮ್ಮನೆ ಮಾತ್ರ ಇರಬೇಡ.

ನಿನ್ನನ್ನು ಹೆತ್ತು ನಿನಗೇ ಮೋಸ ಮಾಡಿದ,
ನಿನ್ನ ಅಮ್ಮ
ಅರ್ಡಿತ್

ಮತ್ತೆ ಬರೆದದ್ದು, ಸೋಮವಾರ:

ಕೈಬರಹ ಬೇರೆ ಎಂದು ಗಾಬರಿಯಾಗಬೇಡ. ಹೇಳುವವಳು ನಾನೇ. ಬರೆಯುವವನು ಯಾರು ಎಂದು ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ, ನೀನು ಅ ಆ ತಿದ್ದಿದ್ದು ಇದರ ಮೇಲೆಯೇ.

ಶುಕ್ರವಾರ ವ್ಯಾನು ಬಂತು. ಕವರು ಕೈಯಲ್ಲಿ ಹಿಡಿದು ನಿಂತವಳು ಹಾಕಲಿಲ್ಲ. ಈ ಕಾಗದ ನಿನಗೊಬ್ಬಳಿಗೇ ಸಿಕ್ಕಿದರೆ, ಅಮ್ಮನ ಮಾನ ಉಳಿಸಲು ನೀನು ಇದನ್ನು ಸುಟ್ಟು ತಪ್ಪು ನನ್ನದೇ ಎಂದು ಹೇಳಿಬಿಡುತ್ತೀಯ. ನನ್ನ ಮಗಳಲ್ಲವೇ, ನಿನ್ನನ್ನು ಬಲ್ಲೆ. ಅದಕ್ಕೆ ಭಾನುವಾರ ಚರ್ಚು ಬಿಟ್ಟ ಮೇಲೆ ಎರಡೂ ಬಳಿಯವರನ್ನು ದೊಡ್ಡಮನೆಗೆ ಕರೆಸಿ, ಮೆಟ್ಟಿಲು ಹತ್ತಿ ನಿಂತು ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಖುಷಿಯಾಯಿತು ಎಂದದ್ದನ್ನೂ ಬಿಡಲಿಲ್ಲ. ಸಾಕ್ಷಿಯವರು ಕೇಳಿಯಾಯಿತು. ಇನ್ನು ನೀನು ಮುಚ್ಚಿಡಲು ಏನೂ ಉಳಿದಿಲ್ಲ.

ಓದಿ ಮುಗಿಸುವ ಮೊದಲೇ ಕರ್ಟಿಸ್ ಎದ್ದ. "ನಿನ್ನ ಮಾತು ಕೇಳಿ ಒಬ್ಬನ ಕಣ್ಣು ತೆಗೆದೆನಲ್ಲೇ ಮುದುಕಿ!" ಎಂದು ಕಿರುಚಿ, ನನ್ನನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಕೆಳಗೆ ಎಸೆದ. ಬಲಗೈ ಮಣಿಕಟ್ಟು ಮುರಿಯಿತು, ಹೆಗಲ ಮೂಳೆಯೂ. ತೋಳದ ಬಳಿಯವರು ಎದ್ದರು, ನಮ್ಮವರು ಎದ್ದರು, ಬೆಂಚು ಹಾರಿತು, ಮೂವರ ತಲೆ ಒಡೆಯಿತು. ಎಲ್ಮರ್ ಮಾತ್ರ ಕೂತಲ್ಲೇ ಕೂತಿದ್ದ. ಆಮೇಲೆ ಎದ್ದು ಬಂದು ಮಗನ ಕೆನ್ನೆಗೆ ಒಂದು ಬಿಗಿದ. ಕೋವಿಯ ಗುಂಡು ತೆಗೆದು ತೋಳದ ಬಳಿಯ ಹಿರಿಯನ ಕೈಗೆ ಕೊಟ್ಟ. ನನ್ನ ಮುಖ ನೋಡಲಿಲ್ಲ. "ಅಕ್ಕ, ನೀನು ಕತ್ತು ಆಡಿಸಿದೆಯಲ್ಲೇ," ಎಂದ, ಅಷ್ಟೇ. ಅವನು ಇನ್ನು ನನ್ನ ಜೊತೆ ಮಾತಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬರುವ ತಿಂಗಳು ತೊಳೆಯುವ ಔತಣ ಕೊಡುತ್ತೇವೆ. ಅದಕ್ಕೆ ಅಂಗಡಿಯ ಮೀನು. ನಾಲ್ಕು ವರ್ಷ ನಮ್ಮ ಮನೆತನ ಬಲೆ ಇಳಿಸುವುದಿಲ್ಲ ಎಂದೂ ಸಾರಿಯಾಯಿತು. ಡಬ್ಬಿ ಮೀನಿನವರಿಗೆ ಜೊತೆ ಸಿಕ್ಕಿತು.

ಇದನ್ನು ಬರೆಯುತ್ತಿರುವ ಈ ಮನುಷ್ಯನೂ ಅಲ್ಲಿಗೆ ಬಂದಿದ್ದ, ಬಾಗಿಲ ಹತ್ತಿರ ನಿಂತಿದ್ದ. ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ ತಂದು ಬಿಟ್ಟ. ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ, ಒಳಗೆ ಬಾ ಎಂದು ನಾನೂ ಕರೆದಿಲ್ಲ. ಅವನ ಬಾಯಿಗೆ ತಂತಿ, ನನ್ನ ಕೈಗೆ ಪಟ್ಟಿ. ನಾನು ಕಿಟಕಿಯಿಂದ ಹೇಳುತ್ತೇನೆ, ಅವನು ಬರೆಯುತ್ತಾನೆ. ಮುದುಕರಿಬ್ಬರೂ ಸೇರಿ ಒಂದು ಕಾಗದ ಆಗುತ್ತಿದೆ. ಮೇಲಿನ ಒಂದು ಸಾಲನ್ನು ಬರೆಯಲು ಒಪ್ಪದೆ ಹಠ ಮಾಡಿದ, ಯಾವುದೆಂದು ಹೇಳುವುದಿಲ್ಲ.

ಒಂದು ಜಗಳ ಬಾಕಿ ಇದೆ. ಬಂಡೆಯ ಮೇಲಿನ ಅವನ ಲೆಕ್ಕ ಒಂಬತ್ತು ಸಾವಿರದ ನೂರ ಏಳು. ನನ್ನದು ನೂರ ನಲವತ್ತು. ಮೂವತ್ತಮೂರು ಮೀನು ಅವನ ಕಣ್ಣು ತಪ್ಪಿಸಿವೆ ಎಂದು ನಾನನ್ನುತ್ತೇನೆ, ಆಗ ಅವನಿಗೆ ಎರಡೂ ಕಣ್ಣಿತ್ತು. ಇನ್ನು ಮುಂದೆ ನನ್ನ ಎಣಿಕೆಯನ್ನು ಯಾರು ನಂಬುತ್ತಾರೆ ಹೇಳು. ಯಾವುದನ್ನು ಬರೆದುಕೊಳ್ಳಬೇಕೋ ನೀನೇ ನೋಡು.

ಅಮ್ಮ

ಮಗಳೇ, ಇದು ಅವಳು ಹೇಳಿದ್ದಲ್ಲ, ನಾನು ಬರೆಯುತ್ತಿರುವುದು. ನಿನ್ನಮ್ಮನ ಲೆಕ್ಕವೇ ಸರಿ. ಅದನ್ನೇ ಬರೆದುಕೋ.

ಅಪ್ಪ